ಕಿಡಿಗೇಡಿ, ಪುಂಡ, ರೌಡಿ: ಯಾರಿಗೆ ಯಾವ ಹೆಸರು?

ಪ್ರತಿಮೆಗೆ ಮಸಿ ಬಿದ್ದರೆ ಅದು ಕಿಡಿಗೇಡಿಗಳ ಕೆಲಸ. ಬಸ್ಸಿನ ಗಾಜು ಒಡೆದರೆ, ಬಣವೆಗೆ ಬೆಂಕಿ ಬಿದ್ದರೆ, ನಾಮಫಲಕ ಕಿತ್ತುಹೋದರೆ, ವಾಟ್ಸ್‌ಆ್ಯಪ್‌ನಲ್ಲಿ ಸುಳ್ಳು ಸುದ್ದಿ ಹರಿದರೆ, ಅದೂ ಕಿಡಿಗೇಡಿಗಳದ್ದೇ. ಅದೇ ಪತ್ರಿಕೆಯ ಅದೇ ಪುಟದಲ್ಲಿ ಇನ್ನೊಂದು ಸುದ್ದಿಯಲ್ಲಿ ‘ದುಷ್ಕರ್ಮಿಗಳು’ ಇರುತ್ತಾರೆ, ಮತ್ತೊಂದರಲ್ಲಿ ‘ಪುಂಡರ ಅಟ್ಟಹಾಸ’ ಇರುತ್ತದೆ, ಕೆಳಗಡೆ ‘ಪುಡಿ ರೌಡಿಗಳ ಹಾವಳಿ’. ಮೂಲೆಯಲ್ಲೊಂದು ಸಣ್ಣ ಸುದ್ದಿಯಲ್ಲಿ ಹೊಡೆದಾಡಿಕೊಂಡವರು ಮಾತ್ರ ಬರೀ ‘ಯುವಕರು’. ಐದು ಹೆಸರು, ಆದರೆ ಐದು ಬಗೆಯ ತಪ್ಪುಗಳಿಲ್ಲ. ಒಂದೇ ಬಗೆಯ ತಪ್ಪಿಗೆ ಬೇರೆ ಬೇರೆ ಹೆಸರು ಬೀಳುತ್ತದೆ. ಯಾವ ಹೆಸರು ಬೀಳಬೇಕೆಂಬುದು ಬಹಳ ಸಲ ಮಾಡಿದ ಕೆಲಸವನ್ನು ನೋಡಿ ತೀರ್ಮಾನವಾಗುವುದಿಲ್ಲ, ಮಾಡಿದವನು ಯಾರು ಎಂಬುದನ್ನು ನೋಡಿ ತೀರ್ಮಾನವಾಗುತ್ತದೆ. ಸಾಕ್ಷ್ಯ ಬರುವುದು ಆಮೇಲೆ.

ಈ ಪದಗಳ ನಡುವೆ ಕನ್ನಡಿಗರೆಲ್ಲ ಅರಿಯುವ ಒಂದು ಏಣಿಶ್ರೇಣಿ ಇದೆ. ಎಲ್ಲಕ್ಕಿಂತ ಕೆಳಗೆ ತುಂಟ, ತರಲೆ, ಕಿಲಾಡಿ. ಇವು ಮನೆಯೊಳಗಿನ ಪದಗಳು, ಬೈಯುವಾಗಲೂ ಅಕ್ಕರೆ ಇರುತ್ತದೆ. ಪೋಲಿ, ಪೋಕರಿ ಎಂದಾಗ ಅಕ್ಕರೆ ಅರ್ಧ ಕರಗಿರುತ್ತದೆ. ಪುಂಡ ಎಂದರೆ ಬೀದಿಗೆ ಬಂದಾಯಿತು: ತೋಳ್ಬಲ, ಗುಂಪು, ಎದುರಾಡಿದರೆ ಏಟು. ಕಿಡಿಗೇಡಿಗೆ ಮುಖವಿಲ್ಲ, ಅವನು ಕತ್ತಲಲ್ಲಿ ಬಂದು ಹೋಗುತ್ತಾನೆ. ದುಷ್ಕರ್ಮಿ ಅವನಿಗಿಂತ ತೂಕದವನು, ಚಾಕು, ಕೊಲೆ, ಸ್ಫೋಟದ ಸುದ್ದಿಗೆ ಮೀಸಲು. ರೌಡಿ ಎಂದರೆ ಪೊಲೀಸ್ ಠಾಣೆಯ ಕಡತಕ್ಕೆ ಸೇರಿದವನು. ಗೂಂಡಾ ಎಂದರೆ ಅವನ ಹೆಸರಿನಲ್ಲೇ ಒಂದು ಕಾಯ್ದೆ ಇದೆ.

ಏಣಿಯ ಕೆಳಗಿನ ಮೆಟ್ಟಿಲಿನಿಂದ ಮೇಲಿನದಕ್ಕೆ ಒಬ್ಬ ಹುಡುಗ ಎಷ್ಟು ಬೇಗ ಏರುತ್ತಾನೆ ಎಂಬುದು ಅವನ ಅಪ್ಪ ಯಾರು, ಮನೆ ಎಲ್ಲಿದೆ ಎಂಬುದರ ಮೇಲೆ ನಿಂತಿದೆ. ಹಾಸ್ಟೆಲ್ಲಿನ ಕಿಟಕಿ ಒಡೆದ ಎಂಜಿನಿಯರಿಂಗ್ ವಿದ್ಯಾರ್ಥಿ ‘ತರಲೆ ಮಾಡಿದ್ದಾನೆ’. ಕೊಳೆಗೇರಿಯಿಂದ ಬಂದು ಅದೇ ಕಿಟಕಿ ಒಡೆದವನು ‘ಪುಂಡಾಟ ಮೆರೆದಿದ್ದಾನೆ’. ಮೊದಲನೆಯವನಿಗೆ ಪ್ರಿನ್ಸಿಪಾಲರ ಕೊಠಡಿ, ಎರಡನೆಯವನಿಗೆ ಠಾಣೆ. ಇದರಲ್ಲಿ ಹೊಸತೇನಿಲ್ಲ ಎನ್ನಬಹುದು. ಆದರೆ ಹೀಗೆ ಬಿದ್ದ ಹೆಸರು ಆಮೇಲೆ ಸರ್ಕಾರಿ ಕಾಗದದೊಳಗೆ ಹೋಗಿ ಕೂರುತ್ತದೆ, ಅಲ್ಲಿಂದ ಅದನ್ನು ಎಬ್ಬಿಸುವುದು ಬಲು ಕಷ್ಟ. ಆ ಕಾಗದದ ಮಾತು ಮುಂದೆ ಬರುತ್ತದೆ.

ಮೊದಲು ಕಿಡಿಗೇಡಿ. ಕೇಡು ಎಂಬ ಅಚ್ಚಗನ್ನಡ ಪದದಿಂದ ಹುಟ್ಟಿದ ‘ಗೇಡಿ’ ಕನ್ನಡದಲ್ಲಿ ಸಾಮಾನ್ಯವಾಗಿ ಕಳೆದುಕೊಂಡವನನ್ನು ಸೂಚಿಸುತ್ತದೆ. ಮಾನಗೇಡಿಗೆ ಮಾನವಿಲ್ಲ, ಬುದ್ಧಿಗೇಡಿಗೆ ಬುದ್ಧಿಯಿಲ್ಲ, ಲಜ್ಜೆಗೇಡಿಗೆ ಲಜ್ಜೆಯಿಲ್ಲ. ಕಿಡಿಗೇಡಿ ಈ ಸಾಲಿಗೆ ಸೇರುವುದಿಲ್ಲ. ಕಿಡಿ ಹಾರಿಸಿ ಕೇಡು ಮಾಡುವವನು ಎಂದೇ ನಮ್ಮ ಕಿವಿ ಅದನ್ನು ಕೇಳಿಸಿಕೊಳ್ಳುತ್ತದೆ. ಇದರ ಪಕ್ಕದಲ್ಲೇ ಇನ್ನೊಂದು ಸ್ವಾರಸ್ಯವಿದೆ. ‘ಅವನೊಬ್ಬ ಕೇಡಿ’ ಎನ್ನುವಾಗ ನಾವು ಕೇಡು ಮಾಡುವವನು ಎಂಬ ಅರ್ಥದಲ್ಲೇ ಹೇಳುತ್ತೇವೆ. ಆದರೆ ಬ್ರಿಟಿಷರ ಕಾಲದ ಮದ್ರಾಸ್ ಪ್ರಾಂತ್ಯದ ಪೊಲೀಸರು ಪದೇಪದೇ ಕಳ್ಳತನ, ಲೂಟಿಯಲ್ಲಿ ಸಿಕ್ಕಿಬೀಳುವವರನ್ನು ‘ನೋನ್ ಡಿಪ್ರೆಡೇಟರ್’ (Known Depredator, ಗೊತ್ತಿರುವ ಲೂಟಿಕೋರ) ಎಂದು ಬರೆದಿಟ್ಟು, ಚಿಕ್ಕದಾಗಿ ‘ಕೆ.ಡಿ.’ ಎಂದು ಕರೆಯುತ್ತಿದ್ದರು. ದಕ್ಷಿಣದ ಭಾಷೆಗಳಲ್ಲೆಲ್ಲ ಅದು ‘ಕೇಡಿ’ಯಾಗಿ ಹರಡಿತು. ಕನ್ನಡದಲ್ಲಿ ಆ ಇಂಗ್ಲಿಷ್ ಅಕ್ಷರಗಳು ಬಂದು ಕೂರುವ ಹೊತ್ತಿಗೆ ಅದೇ ದನಿಯ, ಅದೇ ಅರ್ಥದ ನಮ್ಮದೇ ಪದ ಕಾದು ನಿಂತಿತ್ತು. ಎರಡೂ ಬೆಸೆದುಕೊಂಡವು. ಪೊಲೀಸ್ ಪಟ್ಟಿಯ ಪದವೊಂದು ಊರಿನ ಬೈಗುಳದೊಳಗೆ ಇಷ್ಟು ಸಲೀಸಾಗಿ ಕರಗಿಹೋದದ್ದು ಬೇರೆಲ್ಲೂ ಇರಲಿಕ್ಕಿಲ್ಲ.

ಕಿಡಿಗೇಡಿ ಎಂಬ ಪದಕ್ಕೆ ಪತ್ರಿಕೆಯಲ್ಲಿ ನ್ಯಾಯವಾದ ಜಾಗವೊಂದಿದೆ. ಘಟನೆ ನಡೆದ ಮೊದಲ ಕೆಲವು ಗಂಟೆಗಳಲ್ಲಿ ಮಾಡಿದವರು ಯಾರೆಂದು ಗೊತ್ತಿರುವುದಿಲ್ಲ. ಊಹೆಯ ಮೇಲೆ ಒಂದು ಜಾತಿಯ, ಒಂದು ಧರ್ಮದ ಹೆಸರು ಬರೆದರೆ ಸಂಜೆಯೊಳಗೆ ಇನ್ನೆರಡು ಬೀದಿಗಳಲ್ಲಿ ಕಲ್ಲು ಹಾರುತ್ತದೆ. ಆಗ ‘ಕಿಡಿಗೇಡಿಗಳು’ ಎಂದು ಬರೆದು ನಿಲ್ಲಿಸುವುದು ಜವಾಬ್ದಾರಿಯ ಕೆಲಸವೇ. ತೊಂದರೆ ಶುರುವಾಗುವುದು ಆಮೇಲೆ. ಬಂಧನವಾಗಿ, ಆರೋಪಪಟ್ಟಿ ಸಲ್ಲಿಕೆಯಾಗಿ, ಉದ್ದೇಶವೂ ಬಯಲಾದ ಮೇಲೂ ಸುದ್ದಿ ‘ಕಿಡಿಗೇಡಿಗಳ ಕೃತ್ಯ’ವಾಗಿಯೇ ಉಳಿಯುತ್ತದೆ. ಮಂತ್ರಿಯೊಬ್ಬರು ‘ಇದು ಯಾರೋ ಕಿಡಿಗೇಡಿಗಳ ಕೆಲಸ’ ಎಂದುಬಿಟ್ಟರೆ ಮುಂದಿನ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಯಾಕೆ ಮಾಡಿದರು, ಹಿಂದೆ ಯಾರಿದ್ದರು ಎಂಬುದಕ್ಕೆ ಆ ಪದದಲ್ಲಿ ಜಾಗವೇ ಇಲ್ಲ. ಕಿಡಿಗೇಡಿಗೆ ಕಾರಣ ಬೇಕಿಲ್ಲವಲ್ಲ, ಕೇಡು ಮಾಡುವುದು ಅವನ ಸ್ವಭಾವ.

ಇದರಿಂದ ಆಗುವ ನಷ್ಟ ದೊಡ್ಡದು. ಊರಿನ ದಲಿತ ಕೇರಿಯ ಮುಂದಿನ ಅಂಬೇಡ್ಕರ್ ಭಾವಚಿತ್ರಕ್ಕೆ ಅವಮಾನವಾದಾಗ ನಾವು ಓದುವುದು ಇದೇ ಪದ. 1989ರ ದೌರ್ಜನ್ಯ ತಡೆ ಕಾಯ್ದೆಗೆ ಮಾಡಿದ ತಿದ್ದುಪಡಿ 2016ರ ಜನವರಿ 26ರಂದು ಜಾರಿಗೆ ಬಂತು. ಪರಿಶಿಷ್ಟ ಜಾತಿ, ಪಂಗಡದವರು ಪೂಜ್ಯವೆಂದು ಭಾವಿಸುವ ವಸ್ತುವನ್ನು ಹಾಳುಮಾಡುವುದು, ಅಪವಿತ್ರಗೊಳಿಸುವುದು ಅದರ ಪ್ರಕಾರ ಪ್ರತ್ಯೇಕ ಅಪರಾಧ. ಪ್ರತಿಮೆ, ಫೋಟೊ, ಭಾವಚಿತ್ರಗಳೂ ಅದರಲ್ಲಿ ಸೇರುತ್ತವೆ ಎಂದು ಕಾಯ್ದೆ ಬಿಡಿಸಿ ಹೇಳಿದೆ. ಸಂಸತ್ತು ‘ಇದು ಜಾತಿ ದೌರ್ಜನ್ಯ’ ಎಂದು ಹೆಸರಿಟ್ಟಿರುವ ಕೃತ್ಯವನ್ನು ಮರುದಿನದ ಸುದ್ದಿ ‘ಕಿಡಿಗೇಡಿತನ’ಕ್ಕೆ ಇಳಿಸಿದರೆ, ಜಾತಿ ಆ ವಾಕ್ಯದಿಂದ ಹೊರಗೆ ಹೋಯಿತು. ಕೇರಿಯವರು ಓದಿದಾಗ ತಮಗಾದದ್ದು ಬೇರೆ, ಪತ್ರಿಕೆ ಬರೆದದ್ದು ಬೇರೆ ಎನಿಸುವುದು ಇದಕ್ಕೇ.

ಇನ್ನು ಕೋಮು ಘರ್ಷಣೆಯ ವರದಿಗಳಲ್ಲಿ ರೂಢಿಗೆ ಬಂದಿರುವ ಜೋಡಿಪದ: ‘ಅನ್ಯಕೋಮಿನ ಕಿಡಿಗೇಡಿಗಳು’. ಧರ್ಮದ ಹೆಸರು ಹೇಳಬಾರದು ಎಂಬ ಸಂಯಮದಿಂದ ಹುಟ್ಟಿದ ಪದ ಇದು ಎನ್ನುತ್ತಾರೆ. ಆದರೆ ‘ಅನ್ಯ’ ಯಾರಿಗೆ? ಓದುವವನು ಯಾವ ಧರ್ಮದವನೆಂದು ಬರೆದವನು ಮೊದಲೇ ನಿರ್ಧರಿಸಿರದಿದ್ದರೆ ಆ ಪದ ಬರುವುದಕ್ಕೇ ಸಾಧ್ಯವಿಲ್ಲ. ಕನ್ನಡ ಪತ್ರಿಕೆಯನ್ನು ಮುಸ್ಲಿಮರೂ ಓದುತ್ತಾರೆ, ಕ್ರೈಸ್ತರೂ ಓದುತ್ತಾರೆ. ಅವರನ್ನು ಓದುಗರ ಸಾಲಿನಿಂದ ಎಬ್ಬಿಸಿ ಸುದ್ದಿಯೊಳಗೆ ಆರೋಪಿಗಳ ಜೊತೆ ನಿಲ್ಲಿಸುವ ಪದವದು. ಹೆಸರನ್ನೂ ಮುಚ್ಚಿಡುವುದಿಲ್ಲ, ಯಾಕೆಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಸಂಯಮದ ಹೆಸರಿನಲ್ಲಿ ಇದನ್ನು ಬಳಸುವುದನ್ನು ನಿಲ್ಲಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅಗತ್ಯವಿದ್ದರೆ ನೇರವಾಗಿ ಬರೆಯಲಿ, ಇಲ್ಲದಿದ್ದರೆ ‘ಒಂದು ಗುಂಪು’ ಸಾಕು.

ಹೆಸರು ಹಗುರಾದಷ್ಟೂ ತಪ್ಪು ಹಗುರಾಗುತ್ತದೆ ಎಂಬುದಕ್ಕೆ ಕನ್ನಡದಲ್ಲಿ ‘ಬೀದಿ ಕಾಮಣ್ಣ’ನಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಹೋಳಿಯಲ್ಲಿ ಸುಡುವ ಕಾಮಣ್ಣನ ಹೆಸರನ್ನು ಹುಡುಗಿಯರ ಬೆನ್ನು ಬೀಳುವವರಿಗೆ ಇಟ್ಟು, ಜೊತೆಗೊಂದು ‘ಅಣ್ಣ’ನನ್ನೂ ಉಳಿಸಿಕೊಂಡಿದ್ದೇವೆ. ‘ರೋಡ್ ರೋಮಿಯೋ’ ಇನ್ನೂ ಹಗುರ, ಅಲ್ಲಿ ಪ್ರೇಮದ ಸೋಂಕೂ ಇದೆ. ಅವರು ಮಾಡುವುದನ್ನು ‘ಚುಡಾಯಿಸುವುದು’ ಎನ್ನುತ್ತೇವೆ, ಅದು ಗೆಳೆಯರು ಗೆಳೆಯರನ್ನು ಕಾಡಿಸುವುದಕ್ಕೂ ಬಳಸುವ ಮಾತು. ಬಸ್ ನಿಲ್ದಾಣದಲ್ಲಿ ದಿನಾ ಹಿಂಬಾಲಿಸಿಕೊಂಡು ಬರುವವನ ಭಯಕ್ಕೆ ಕಾಲೇಜು ಬಿಟ್ಟ ಹುಡುಗಿಯ ಪಾಲಿಗೆ ಅಲ್ಲಿ ನಗುವಂಥದ್ದು ಏನಿದೆ? 2013ರ ತಿದ್ದುಪಡಿ ಹಿಂಬಾಲಿಸುವುದನ್ನೂ ಲೈಂಗಿಕ ಕಿರುಕುಳವನ್ನೂ ಆಗಿನ ಭಾರತೀಯ ದಂಡ ಸಂಹಿತೆಯಲ್ಲಿ (ಐಪಿಸಿ) ಪ್ರತ್ಯೇಕ ಅಪರಾಧಗಳಾಗಿ ಸೇರಿಸಿತು. ಅದರ ಜಾಗದಲ್ಲಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅವು 78 ಮತ್ತು 75ನೇ ಸೆಕ್ಷನ್‌ಗಳು. ಕಾನೂನಿನ ಮಾತು ಬದಲಾಗಿ ಹತ್ತು ವರ್ಷದ ಮೇಲಾಯಿತು, ತಲೆಬರಹದ ಮಾತು ಬದಲಾಗಿಲ್ಲ.

ಪುಂಡ ಎಂಬ ಪದದ ಚರಿತ್ರೆ ಬೇರೆ ಥರದ್ದು. ಅದರಲ್ಲಿ ಯಾವತ್ತೂ ಆಳುವವನ ದನಿ ಇದೆ. ಕಪ್ಪ ಕೊಡದ, ಹೇಳಿದ ಮಾತು ಕೇಳದ ಪಾಳೆಯಗಾರ ‘ಪುಂಡ ಪಾಳೆಯಗಾರ’. ಹೇಳಿದಂತೆ ಕಪ್ಪ ಒಪ್ಪಿಸಿದವನು ಸಾಮಂತ. ಕಾಡಾನೆಗೂ ಇದೇ ಅಳತೆ. ಹಾಸನ, ಕೊಡಗಿನ ಕಾಫಿ ತೋಟಗಳಲ್ಲಿ ದಾರಿ ಕಳೆದುಕೊಂಡ ಆನೆ ಮನುಷ್ಯರ ಮೇಲೆ ಬಿದ್ದ ಕೂಡಲೇ ‘ಪುಂಡಾನೆ’ಯಾಗುತ್ತದೆ. ಹಾಗೆ ಕರೆದ ಮೇಲೆ ಸೆರೆ ಹಿಡಿಯುವುದೊಂದೇ ದಾರಿ. ಆನೆ ಓಡಾಡುತ್ತಿದ್ದ ಕಾಡಿನ ದಾರಿ ಏನಾಯಿತು ಎಂಬ ಪ್ರಶ್ನೆ ಆ ಹೆಸರಿನ ಹಿಂದೆ ಮರೆಯಾಗುತ್ತದೆ. ದಸರೆಯಲ್ಲಿ ಅಂಬಾರಿ ಹೊತ್ತಿದ್ದ ಅರ್ಜುನ 2023ರ ಡಿಸೆಂಬರ್‌ನಲ್ಲಿ ಸಕಲೇಶಪುರದ ಯಸಳೂರಿನ ಬಳಿ ಸತ್ತದ್ದು ಇಂಥದ್ದೇ ಒಂದು ಸೆರೆ ಕಾರ್ಯಾಚರಣೆಯಲ್ಲಿ, ಇನ್ನೊಂದು ಆನೆಯ ಎದುರು.

ಒಂದೇ ಘಟನೆಯ ಹೆಸರು ಕಾಲ ಕಳೆದಂತೆ ತಲೆಕೆಳಗಾದದ್ದನ್ನು ನೋಡಬೇಕೆಂದರೆ ಸುಳ್ಯದ ಕಡೆಗೆ ಹೋಗಬೇಕು. 1837ರಲ್ಲಿ ಕೊಡಗು ಮತ್ತು ಸುಳ್ಯ ಸೀಮೆಯ ರೈತರು ಕಂಪನಿ ಸರ್ಕಾರದ ವಿರುದ್ಧ ಎದ್ದು, ಘಟ್ಟದ ಕೆಳಗೆ ಮಂಗಳೂರಿನವರೆಗೆ ನಡೆದು ಬಂದು, ಕೆಲವು ದಿನ ಊರನ್ನು ತಮ್ಮ ಕೈಯಲ್ಲಿ ಇಟ್ಟುಕೊಂಡಿದ್ದರು. ಆಮೇಲೆ ಕಂಪನಿಯ ಸೇನೆ ಬಂತು, ನೇತಾರರನ್ನು ಗಲ್ಲಿಗೇರಿಸಿತು. ಸೋತವರ ದಂಗೆಗೆ ಜನರ ಬಾಯಲ್ಲಿ ಉಳಿದ ಹೆಸರು ‘ಕಲ್ಯಾಣಪ್ಪನ ಕಾಟಕಾಯಿ’. ಕಾಟಕಾಯಿ ಎಂದರೆ ಲೂಟಿ, ಉಪಟಳ. ನೂರು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿನವರೇ ತಮ್ಮ ಹಿರಿಯರ ಹೋರಾಟವನ್ನು ಆ ಹೆಸರಿನಿಂದ ನೆನೆದರು. ಈಗ ಅದು ‘ಅಮರ ಸುಳ್ಯ ಸಂಗ್ರಾಮ’. ದಂಗೆಯ ನೇತಾರರಲ್ಲಿ ಒಬ್ಬರಾದ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ 2022ರಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ಎದ್ದು ನಿಂತಿತು. 1837ರಿಂದ ಇಲ್ಲಿಯವರೆಗೆ ಘಟನೆ ಬದಲಾಗಿಲ್ಲ, ಹೆಸರಿಡುವ ಅಧಿಕಾರ ಕೈ ಬದಲಾಯಿಸಿದೆ.

ಇಂದಿನ ಗಡಿ ಜಗಳದಲ್ಲೂ ಈ ಅಧಿಕಾರದ ಎಳೆದಾಟ ಕಾಣುತ್ತದೆ. ಕನ್ನಡ ಸುದ್ದಿವಾಹಿನಿಗಳಲ್ಲಿ ಎಂಇಎಸ್ (ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕೆನ್ನುವ ಮಹಾರಾಷ್ಟ್ರ ಏಕೀಕರಣ ಸಮಿತಿ) ಎಂಬ ಹೆಸರಿನ ಬೆನ್ನಿಗೇ ‘ಪುಂಡರು’, ‘ಪುಂಡಾಟಿಕೆ’ ಬರುವುದು ರೂಢಿ. ಗಡಿಯಾಚೆಯ ಮರಾಠಿ ಪತ್ರಿಕೆಗಳಲ್ಲಿ ಕನ್ನಡ ಸಂಘಟನೆಗಳ ಚಳವಳಿ ‘ಗುಂಡಗಿರಿ’. 2021ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಶಿವಾಜಿ ಪ್ರತಿಮೆಗೆ ಮಸಿ ಬಿತ್ತು, ಬೆನ್ನಲ್ಲೇ ಬೆಳಗಾವಿಯಲ್ಲಿ ಸಂಗೊಳ್ಳಿ ರಾಯಣ್ಣನ ಪ್ರತಿಮೆಗೆ ಹಾನಿಯಾಯಿತು. ಎರಡೂ ಒಂದೇ ಬಗೆಯ ಅಪರಾಧ. ಅವನ್ನು ಒಂದೇ ಪದದಿಂದ ಕರೆಯುವಷ್ಟು ನ್ಯಾಯ ನಮ್ಮ ಭಾಷೆಯಲ್ಲಿ ಇರಬೇಕು. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದ ರಾಯಣ್ಣನೂ ಕಂಪನಿಯ ಕಣ್ಣಿಗೆ ಶಾಂತಿ ಕೆಡಿಸುವವನೇ ಆಗಿದ್ದ ಎಂಬುದನ್ನು ಕನ್ನಡಿಗರಿಗೆ ನೆನಪಿಸಬೇಕಾಗಿಲ್ಲ.

ಈಗ ರೌಡಿ. ಈ ಪದ 19ನೇ ಶತಮಾನದ ಆರಂಭದಲ್ಲಿ ಅಮೆರಿಕದ ಇಂಗ್ಲಿಷಿನಲ್ಲಿ ಹುಟ್ಟಿದ್ದು, ಗಲಾಟೆ ಮಾಡುವ ಒರಟ ಎಂಬ ಅರ್ಥದಲ್ಲಿ. ಅಲ್ಲಿ ಈಗ ಗದ್ದಲದ ಮಕ್ಕಳಿಗೂ ಅದನ್ನು ಬಳಸುತ್ತಾರೆ. ನಮ್ಮಲ್ಲಿ ಅದು ಪೊಲೀಸ್ ಇಲಾಖೆಯ ಪಾರಿಭಾಷಿಕ ಪದವಾಯಿತು. ಕರ್ನಾಟಕ ಪೊಲೀಸ್ ಕೈಪಿಡಿಯ 1059ನೇ ಆದೇಶ ರೌಡಿ ಎಂದರೆ ಯಾರು ಎಂದು ಹೇಳುತ್ತದೆ: ಗೂಂಡಾ ಎಂದು ಅರ್ಥ, ಪುಂಡ, ಒರಟ, ಅಲೆಮಾರಿ ಮತ್ತು ಸಾರ್ವಜನಿಕ ಶಾಂತಿಗೆ ಅಪಾಯಕಾರಿಯಾದ ಯಾವುದೇ ವ್ಯಕ್ತಿಯೂ ಅದರಲ್ಲಿ ಸೇರುತ್ತಾನೆ. ಒಂದು ಬೈಗುಳದ ಅರ್ಥವನ್ನು ಇನ್ನು ನಾಲ್ಕು ಬೈಗುಳಗಳಿಂದ ಬಿಡಿಸಿದ ವಾಕ್ಯ ಇದು. ಒರಟ ಎಂದರೆ ಎಷ್ಟು ಒರಟ? ಅದಕ್ಕೆ ಅಳತೆ ಎಲ್ಲಿದೆ?

ಈ ಪ್ರಶ್ನೆಯನ್ನು ಸುಪ್ರೀಂ ಕೋರ್ಟ್ 1960ರಲ್ಲೇ ಕೇಳಿತ್ತು. ಸೆಂಟ್ರಲ್ ಪ್ರಾವಿನ್ಸಸ್ ಮತ್ತು ಬೇರಾರ್ ಪ್ರಾಂತ್ಯದ 1946ರ ಗೂಂಡಾ ಕಾಯ್ದೆಯಲ್ಲಿ ಗೂಂಡಾ ಎಂಬುದರ ವ್ಯಾಖ್ಯೆ ಹೆಚ್ಚುಕಡಿಮೆ ಇದೇ ಆಗಿತ್ತು: ಪುಂಡ, ಒರಟ, ಅಲೆಮಾರಿ, ಶಾಂತಿಗೆ ಅಪಾಯಕಾರಿ. ಮಧ್ಯಪ್ರದೇಶ ಸರ್ಕಾರ ಮತ್ತು ಬಲದೇವ ಪ್ರಸಾದ್ ನಡುವಿನ ಪ್ರಕರಣದಲ್ಲಿ ನ್ಯಾಯಾಲಯ ಆ ಕಾಯ್ದೆಯ ಊರು ಬಿಡಿಸುವ ಅಧಿಕಾರವನ್ನು ರದ್ದುಮಾಡಿತು. ಯಾರು ಗೂಂಡಾ ಎಂದು ತೀರ್ಮಾನಿಸಲು ಕಾಯ್ದೆ ಅಧಿಕಾರಿಗೆ ಯಾವ ಒರೆಗಲ್ಲನ್ನೂ ಕೊಟ್ಟಿಲ್ಲ, ತಾನು ಗೂಂಡಾ ಅಲ್ಲ ಎಂದು ತೋರಿಸಲು ಆ ವ್ಯಕ್ತಿಗೆ ಸರಿಯಾದ ಅವಕಾಶವನ್ನೂ ಕೊಟ್ಟಿಲ್ಲ ಎಂಬುದು ಅದರ ಸಾರ. ಅದೊಂದು ಕಾಯ್ದೆ, ನಮ್ಮದು ಇಲಾಖೆಯ ಕೈಪಿಡಿ, ಕಾನೂನಿನ ದೃಷ್ಟಿಯಲ್ಲಿ ಎರಡೂ ಒಂದೇ ಅಲ್ಲ. ಆದರೆ ಒಂದು ಕಡೆ ಅಸ್ಪಷ್ಟವೆಂದು ತಿರಸ್ಕೃತವಾದ ಮಾತುಗಳೇ ಇನ್ನೊಂದು ಕಡೆ ದಶಕಗಳ ಕಾಲ ಮನುಷ್ಯರಿಗೆ ಮೊಹರು ಒತ್ತುತ್ತ ಬಂದಿವೆ ಎಂಬುದು ನನಗೆ ಸಹಿಸಲಾಗದ ಸಂಗತಿ.

ಆ ಪಟ್ಟಿಯಲ್ಲಿ ‘ಅಲೆಮಾರಿ’ ಹೇಗೆ ಬಂದ ಎಂಬುದನ್ನೂ ನೋಡಬೇಕು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಊರೂರು ತಿರುಗುವ ಹಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಘೋಷಿಸಿತ್ತು. ಗಂಡಸರು ಠಾಣೆಗೆ ಹಾಜರಿ ಹಾಕಬೇಕು, ಹೇಳದೆ ಊರು ಬಿಡಬಾರದು. ತಂತಿಬೇಲಿಯೊಳಗೆ ಅವರನ್ನು ಕೂಡಿಹಾಕಿದ ಜಾಗಗಳಿಗೆ ಹುಬ್ಬಳ್ಳಿಯಲ್ಲಿ, ಗದಗದಲ್ಲಿ ಜನ ಇವತ್ತಿಗೂ ‘ಸೆಟ್ಲಮೆಂಟ್’ ಎಂದೇ ಹೇಳುತ್ತಾರೆ. 1952ರ ಆಗಸ್ಟ್ 31ರಂದು ಆ ಕಾಯ್ದೆ ಹೋಯಿತು. ಹೆಸರು ಹೋಗಲಿಲ್ಲ. ಒಂದು ಸರ್ಕಾರಿ ಕಡತದಲ್ಲಿ ‘ಅಲೆಮಾರಿ, ಅರೆ ಅಲೆಮಾರಿ’ ಎಂಬುದು ಮನೆ, ವಿದ್ಯಾರ್ಥಿವೇತನ ಕೊಡಬೇಕಾದವರ ಪಟ್ಟಿ. ಇನ್ನೊಂದು ಕಡತದಲ್ಲಿ ಅದೇ ಪದ ರೌಡಿಯ ಲಕ್ಷಣ. 2024ರ ಅಕ್ಟೋಬರ್ 3ರಂದು ಜೈಲುಗಳಲ್ಲಿನ ಜಾತಿ ತಾರತಮ್ಯದ ಬಗ್ಗೆ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ಆ ಕಾಯ್ದೆಯ ಹಣೆಪಟ್ಟಿಯಿಂದ ಬಿಡುಗಡೆಯಾದ ಈ ‘ವಿಮುಕ್ತ’ ಬುಡಕಟ್ಟುಗಳವರನ್ನು ‘ರೂಢಿಗತ ಅಪರಾಧಿ’ಗಳಂತೆ ಕಾಣುವ ಪದ್ಧತಿಯನ್ನು ಕಟುವಾಗಿ ತರಾಟೆಗೆ ತೆಗೆದುಕೊಂಡಿತು.

ರೌಡಿ ಶೀಟ್ ಎಂದರೆ ಒಬ್ಬನ ಮೇಲೆ ಕಣ್ಣಿಡಲು ಠಾಣೆಯಲ್ಲಿ ಅವನ ಹೆಸರಿನಲ್ಲಿ ತೆರೆಯುವ ಹಾಳೆ. ಅದನ್ನು ತೆರೆಯುವುದಕ್ಕೆ ಶಿಕ್ಷೆಯಾಗಿರಬೇಕೆಂದೇನಿಲ್ಲ. ಈತ ಶಾಂತಿಗೆ ಅಪಾಯ ಎಂದು ಪೊಲೀಸರಿಗೆ ಅನ್ನಿಸಿದರೆ ಸಾಕು, ಹಾಳೆ ತೆರೆಯುತ್ತದೆ. ಆಮೇಲೆ ಹಬ್ಬ ಬಂದರೆ, ಚುನಾವಣೆ ಬಂದರೆ ಠಾಣೆಯಿಂದ ಕರೆ. ಮೈದಾನದಲ್ಲಿ ಸಾಲಾಗಿ ಕೂರಿಸಿ ‘ರೌಡಿ ಪರೇಡ್’, ಎಚ್ಚರಿಕೆ, ಮುಚ್ಚಳಿಕೆ, ಮರುದಿನ ಫೋಟೊ. ಅಲ್ಲಿ ಕೂತವರಲ್ಲಿ ಹಫ್ತಾ ವಸೂಲಿಯಿಂದ ಬದುಕುವವನೂ ಇರುತ್ತಾನೆ, ಹತ್ತು ವರ್ಷದ ಹಿಂದೆ ಒಂದು ಜಗಳದಲ್ಲಿ ಸಿಕ್ಕಿ ಖುಲಾಸೆಯಾಗಿ ಈಗ ಆಟೊ ಓಡಿಸುವವನೂ ಇರುತ್ತಾನೆ. ಫೋಟೊದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಚಳವಳಿಗಾರರ ಮೇಲೂ ರೌಡಿ ಶೀಟ್ ಬಿದ್ದ ಉದಾಹರಣೆಗಳು ರಾಜ್ಯದಲ್ಲಿವೆ. ಪದೇಪದೇ ಧರಣಿ ಕೂತವನ ಮೇಲೆ ಪದೇಪದೇ ಮೊಕದ್ದಮೆ, ಮೊಕದ್ದಮೆಗಳ ಸಂಖ್ಯೆ ಬೆಳೆದಂತೆ ಹಾಳೆ ತೆರೆಯಲು ಕಾರಣವೂ ಬೆಳೆಯುತ್ತದೆ.

ಪೊಲೀಸರ ಮಾತಿಗೂ ಕಿವಿ ಕೊಡಬೇಕು. ಮಚ್ಚು ಹಿಡಿದು ಅಂಗಡಿಯವರಿಂದ ಹಣ ಕೀಳುವವನ ವಿರುದ್ಧ ಸಾಕ್ಷಿ ಹೇಳಲು ಯಾರೂ ಬರುವುದಿಲ್ಲ, ಬಂದವರೂ ನ್ಯಾಯಾಲಯದಲ್ಲಿ ಮಾತು ಬದಲಿಸುತ್ತಾರೆ. ಹಾಗಾಗಿ ಖುಲಾಸೆ ಎಂದರೆ ಸಾಚಾ ಎಂದಲ್ಲ, ಅಂಥವರ ಮೇಲೆ ಕಣ್ಣಿಡಲು ದಾಖಲೆ ಬೇಕೇ ಬೇಕು ಎಂಬುದು ಅವರ ವಾದ. ಇದು ತೆಗೆದುಹಾಕುವ ಮಾತಲ್ಲ. ಹಫ್ತಾ ಕೊಟ್ಟು ಬದುಕುವ ತಳ್ಳುಗಾಡಿಯವನಿಗೆ ಆ ದಾಖಲೆ ರಕ್ಷಣೆಯೇ. ಆದರೆ ಕಣ್ಣಿಡುವುದು ಬೇರೆ, ಕರೆತಂದು ಮೆರವಣಿಗೆ ಮಾಡುವುದು ಬೇರೆ. ಕಣ್ಗಾವಲಿನ ದಾಖಲೆ ಗುಟ್ಟಾಗಿರಬೇಕು, ವ್ಯಕ್ತಿಯ ಘನತೆಗೆ ಕುಂದು ತರಬಾರದು ಎಂಬ ತಿಳಿವಳಿಕೆ ನಮ್ಮ ನ್ಯಾಯಾಲಯಗಳಿಗೆ ಹಿಂದಿನಿಂದಲೂ ಇದೆ. 1962ರ ಖಡಕ್ ಸಿಂಗ್ ಪ್ರಕರಣದಲ್ಲೇ ರಾತ್ರಿ ಹೊತ್ತು ಮನೆ ಬಾಗಿಲು ಬಡಿಯುವ ಪೊಲೀಸ್ ಪದ್ಧತಿಯನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತ್ತು. ಆ ತೀರ್ಪು ಖಾಸಗಿತನವನ್ನು ಹಕ್ಕೆಂದು ಒಪ್ಪಿರಲಿಲ್ಲ. ಆ ಕೊರತೆಯನ್ನು 2017ರ ಆಗಸ್ಟ್ 24ರಂದು ತುಂಬಿದ್ದು ಒಂಬತ್ತು ನ್ಯಾಯಮೂರ್ತಿಗಳ ಪೀಠ. ಆ ಪ್ರಕರಣ ಹೊತ್ತಿರುವುದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಹೆಸರನ್ನು.

ಇದರ ಬೆಳಕಿನಲ್ಲೇ 2022ರಲ್ಲಿ ಕರ್ನಾಟಕ ಹೈಕೋರ್ಟ್ ರೌಡಿ ಶೀಟ್ ಬಗ್ಗೆ ಮಾರ್ಗಸೂಚಿ ಕೊಟ್ಟಿತು. ಹಾಳೆ ತೆರೆಯುವ ಮೊದಲು ನೋಟಿಸ್ ಕೊಡಬೇಕು, ಆತನ ಮಾತು ಕೇಳಬೇಕು, ಕಾರಣ ಬರೆದು ಆದೇಶ ಮಾಡಬೇಕು, ಕಾಲಕಾಲಕ್ಕೆ ಮರುಪರಿಶೀಲಿಸಬೇಕು. 2024ರ ಮೇ ತಿಂಗಳಲ್ಲಿ ದೆಹಲಿಯ ಶಾಸಕರೊಬ್ಬರನ್ನು ಅಲ್ಲಿನ ಪೊಲೀಸರು ‘ಬ್ಯಾಡ್ ಕ್ಯಾರೆಕ್ಟರ್’ ಎಂದು ನಮೂದಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹಿಂದುಳಿದ, ಶೋಷಿತ ಸಮುದಾಯಗಳ ಅಮಾಯಕರ ಹೆಸರು ಯಾಂತ್ರಿಕವಾಗಿ ಇಂಥ ಹಾಳೆಗಳಿಗೆ ಸೇರಬಾರದು, ಮನೆಯ ಅಪ್ರಾಪ್ತ ಮಕ್ಕಳ ವಿವರ ಅದರಲ್ಲಿ ಇರಬಾರದು ಎಂದು ಹೇಳಿ, ಎಲ್ಲ ರಾಜ್ಯಗಳೂ ತಮ್ಮ ನಿಯಮಗಳನ್ನು ನೋಡಿಕೊಳ್ಳುವಂತೆ ಸೂಚಿಸಿತು. ಬ್ಯಾಡ್ ಕ್ಯಾರೆಕ್ಟರ್ ಎಂದರೆ ಕೆಟ್ಟ ನಡತೆಯವನು. ಅಪ್ಪ ಕೆಟ್ಟ ನಡತೆಯವನೆಂದು ಬರೆದ ಸರ್ಕಾರಿ ಹಾಳೆಯಲ್ಲಿ ಮಗಳ ಹೆಸರೂ ಇದ್ದರೆ, ಆ ಮಗುವಿನ ತಪ್ಪೇನು?

ಗೂಂಡಾ ಎಂಬ ಪದದ್ದು ಇನ್ನೊಂದು ಕಥೆ. ಇದನ್ನು ಕಾನೂನಿಗೆ ತಂದವರಲ್ಲಿ ಮೊದಲಿಗರು ಬಂಗಾಳದ ಬ್ರಿಟಿಷ್ ಆಡಳಿತಗಾರರು, 1923ರಲ್ಲಿ. ನಮ್ಮ ರಾಜ್ಯದ ಕಾಯ್ದೆ 1985ರದ್ದು. ಅದರ ಹೆಸರಿನಲ್ಲಿ ಕಳ್ಳಭಟ್ಟಿ ಮಾರುವವರು, ಮಾದಕವಸ್ತು ಅಪರಾಧಿಗಳು, ಜೂಜುಕೋರರು, ಗೂಂಡಾಗಳು, ವಿಡಿಯೊ ನಕಲು ಮಾಡುವವರು ಎಲ್ಲ ಸಾಲಾಗಿ ನಿಂತಿದ್ದಾರೆ. ಇಷ್ಟುದ್ದದ ಹೆಸರನ್ನು ಯಾರೂ ಹೇಳುವುದಿಲ್ಲ, ಎಲ್ಲರ ಬಾಯಲ್ಲೂ ಅದು ‘ಗೂಂಡಾ ಕಾಯ್ದೆ’. 2014ರ ತಿದ್ದುಪಡಿ ಆ್ಯಸಿಡ್ ದಾಳಿಕೋರರನ್ನು, ಲೈಂಗಿಕ ದೌರ್ಜನ್ಯ ಎಸಗುವವರನ್ನು, ಹಣ ಅಕ್ರಮ ವರ್ಗಾವಣೆ ಮಾಡುವವರನ್ನು, ‘ಡಿಜಿಟಲ್ ಅಪರಾಧಿ’ಗಳನ್ನು ಕೂಡ ಸೇರಿಸಿತು. ಹಕ್ಕುಸ್ವಾಮ್ಯ ಉಲ್ಲಂಘಿಸಿ ನಕಲು ಮಾಡುವವನೂ ಆ್ಯಸಿಡ್ ಎರಚುವವನೂ ಒಂದೇ ಸೂರಿನಡಿ ಬಂದರು.

‘ಗೂಂಡಾ ಕಾಯ್ದೆ ಹಾಕ್ತೀವಿ’ ಎಂದು ಮಂತ್ರಿಗಳು ಎಚ್ಚರಿಸುವಾಗ ಅದೊಂದು ಕಠಿಣ ಶಿಕ್ಷೆ ಎಂದು ಜನ ತಿಳಿಯುತ್ತಾರೆ. ಅದು ಶಿಕ್ಷೆಯೇ ಅಲ್ಲ, ಮುನ್ನೆಚ್ಚರಿಕೆಯ ಬಂಧನ. ವಿಚಾರಣೆಯಿಲ್ಲ, ಅಪರಾಧ ಸಾಬೀತಾಗಬೇಕಿಲ್ಲ, ಮುಂದೆ ಮಾಡಬಹುದಾದ ಕೇಡನ್ನು ತಡೆಯಲೆಂದು 12 ತಿಂಗಳವರೆಗೆ ಒಳಗಿಡಬಹುದು. ಇಷ್ಟು ದೊಡ್ಡ ಅಧಿಕಾರ ಕೊಡುವ ಪದವಾದ್ದರಿಂದಲೇ ಕಾಯ್ದೆಯಲ್ಲಿ ಅದರ ಅರ್ಥ ಮಾತ್ರ ಬಿಗಿಯಾಗಿದೆ. ಒಬ್ಬನೇ ಆಗಲಿ, ಗುಂಪಿನಲ್ಲಾಗಲಿ, ನಿರ್ದಿಷ್ಟ ಬಗೆಯ ಅಪರಾಧಗಳನ್ನು ‘ರೂಢಿಯಾಗಿ’ ಮಾಡುವವನು ಗೂಂಡಾ. ರೂಢಿಯಾಗಿ ಎಂಬುದರ ಅರ್ಥವನ್ನು 1984ರಲ್ಲಿ ಬಿಹಾರದ ಪ್ರಕರಣವೊಂದರಲ್ಲಿ ಬಿಡಿಸಿದ ಸುಪ್ರೀಂ ಕೋರ್ಟಿನ ತೀರ್ಪನ್ನು ಬರೆದವರು ಕನ್ನಡಿಗ ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯ. ಮತ್ತೆ ಮತ್ತೆ ಮಾಡಿರಬೇಕು, ಆ ಕೃತ್ಯಗಳ ನಡುವೆ ಒಂದು ಎಳೆ ಇರಬೇಕು, ಬಿಡಿಯಾಗಿ ನಡೆದ ಒಂದು ಕೃತ್ಯ ಸಾಲದು. ಜೊತೆಗೆ, ಇಬ್ಬರ ನಡುವಿನ ಜಗಳ ಕಾನೂನು ಸುವ್ಯವಸ್ಥೆಯ ಪ್ರಶ್ನೆಯಾದೀತೇ ಹೊರತು ‘ಸಾರ್ವಜನಿಕ ವ್ಯವಸ್ಥೆ’ಯ, ಅಂದರೆ ಇಡೀ ಸಮುದಾಯದ ನೆಮ್ಮದಿಯ, ಪ್ರಶ್ನೆಯಾಗದು ಎಂಬ ವಿಂಗಡಣೆ 1965ರ ರಾಮ ಮನೋಹರ ಲೋಹಿಯಾ ಪ್ರಕರಣದಿಂದಲೇ ಇದೆ. ಅಂದರೆ ಒಂದು ಹೊಡೆದಾಟದ ವಿಡಿಯೊ ಹರಿದಾಡಿದ ಸಂಜೆಯೇ ‘ಇವರ ಮೇಲೆ ಗೂಂಡಾ ಕಾಯ್ದೆ’ ಎನ್ನುವ ಹೇಳಿಕೆ ಕಾನೂನಿನ ಮುಂದೆ ನಿಲ್ಲುವಂಥದ್ದಲ್ಲ. ಅದು ಬೀದಿಯಲ್ಲಿ ಬಳಸುವ ‘ಗೂಂಡಾ’, ಕಾಯ್ದೆಯೊಳಗಿನ ‘ಗೂಂಡಾ’ ಅಲ್ಲ.

ಸುದ್ದಿಮನೆಗಳು ಇದರಲ್ಲಿ ಮಾಡಬಹುದಾದದ್ದು ಹೆಚ್ಚೇನಿಲ್ಲ, ಆದರೆ ಅದನ್ನು ನಾಳೆಯಿಂದಲೇ ಮಾಡಬಹುದು. ‘ಕಿಡಿಗೇಡಿಗಳು ಕಲ್ಲು ತೂರಿದರು’ ಎನ್ನುವ ಕಡೆ ‘ಮೂವರು ಕಲ್ಲು ತೂರಿದರು’ ಎಂದರೆ ಅರ್ಥ ಕಡಿಮೆಯಾಗುವುದಿಲ್ಲ. ‘ಬೀದಿ ಕಾಮಣ್ಣನಿಗೆ ಧರ್ಮದೇಟು’ ಎನ್ನುವ ಕಡೆ ‘ಯುವತಿಯನ್ನು ಹಿಂಬಾಲಿಸಿದವನ ಮೇಲೆ ಗುಂಪು ಹಲ್ಲೆ’ ಎಂದು ಬರೆದರೆ ಅಲ್ಲಿ ಎರಡು ಅಪರಾಧಗಳಿವೆ ಎಂಬುದು ಓದುಗರಿಗೆ ಕಾಣುತ್ತದೆ. ಕನ್ನಡದ ಕ್ರಿಯಾಪದಗಳು ಗಟ್ಟಿಯಾಗಿವೆ: ತೂರಿದರು, ಸುಟ್ಟರು, ಕೊಚ್ಚಿದರು, ಬೆದರಿಸಿದರು. ಅವು ಇರುವಾಗ ನಾಮಪದದ ಆಸರೆ ಬೇಕಿಲ್ಲ.

ರೌಡಿ ಎಂಬ ಪದದ ಬಗ್ಗೆ ಮಾತ್ರ ಇನ್ನೂ ಒಂದು ಬೇಡಿಕೆಯಿದೆ. 2022ರ ಕೊನೆಯಲ್ಲಿ ರೌಡಿ ಶೀಟರ್‌ಗಳು ರಾಜಕೀಯ ಪಕ್ಷ ಸೇರುವ ವಿಚಾರ ರಾಜ್ಯದಲ್ಲಿ ದೊಡ್ಡ ಜಗಳವಾದಾಗ, ಪಕ್ಷಗಳು ಒಬ್ಬರ ಮೇಲೊಬ್ಬರು ಪಟ್ಟಿ ಬಿಡುಗಡೆ ಮಾಡಿದವು. ‘ಅವರ ಶೀಟ್ ಮುಚ್ಚಿದೆ’, ‘ಇವರದ್ದು ತೆರೆದಿದೆ’ ಎಂಬ ವಾದ ವಾರಗಟ್ಟಲೆ ನಡೆಯಿತು. ಬಲವಿರುವವನ ಹಾಳೆ ಮುಚ್ಚಿತೋ ಇಲ್ಲವೋ ಎಂಬುದು ಹೀಗೆ ಸುದ್ದಿಯಾಗುತ್ತದೆ. ಉಳಿದವರದ್ದು ಆಗುವುದಿಲ್ಲ. ಪರೇಡಿನ ಸುದ್ದಿ ಫೋಟೊ ಸಮೇತ ಬರುತ್ತದೆ, ಹೈಕೋರ್ಟ್ ಒಬ್ಬನ ಶೀಟ್ ರದ್ದು ಮಾಡಿದ ಸುದ್ದಿ ಬಂದರೆ ಒಳಪುಟದಲ್ಲಿ ಎರಡು ಸಾಲು. ಹೆಸರು ಹುಡುಕಿದ ಯಾವ ಫೋನಿನಲ್ಲೂ ಮೊದಲು ಕಾಣುವುದು ಪರೇಡಿನ ಫೋಟೊ. ಮನೆ ಬಾಡಿಗೆಗೆ ಕೊಡುವವರು ನೋಡುವುದು ಅದನ್ನೇ, ಮಗಳಿಗೆ ಗಂಡು ನೋಡಲು ಬಂದವರು ನೋಡುವುದೂ ಅದನ್ನೇ. ಫೋಟೊ ಹಾಕಿದ ಪತ್ರಿಕೆ, ವಾಹಿನಿಗಳು ಶೀಟ್ ರದ್ದಾದ ಆದೇಶ ತಂದು ತೋರಿಸಿದವನ ಫೋಟೊವನ್ನು ತಮ್ಮ ಜಾಲತಾಣದಿಂದ ತೆಗೆಯುವ ನಿಯಮವನ್ನು ತಾವೇ ಮಾಡಿಕೊಳ್ಳಬೇಕು. ಅದಕ್ಕೆ ಹೊಸ ಕಾನೂನು ಬೇಕಿಲ್ಲ, ಯಾರ ಅನುಮತಿಯೂ ಬೇಕಿಲ್ಲ.